ಗರುಡನೂ ನಮ್ಮ ಹಿತ್ತಲ ಜಿಲೇಬಿ ಮೀನೂ

ಮನೆ ಹಿಂದೆ ನೀರು ನಿಂತರೆ ಮೀನು ಸಾಕೋಣ ಅನ್ನಿಸುತ್ತದೆ. ಮೀನು ಬಿಟ್ಟರೆ ಹದ್ದು ಬರುತ್ತದೆ. ಹದ್ದು ಬಂದರೆ ಬೀದಿಯವರೆಲ್ಲ ಬುದ್ಧಿ ಹೇಳೋಕೆ ಬರುತ್ತಾರೆ. ಹೊಸೂರು ಪಕ್ಕದ ಮತ್ತಿಗಿರಿಯ ನಮ್ಮ ಹಿತ್ತಲಲ್ಲಿ ಈ ಮೂರೂ ತಪ್ಪದೆ ನಡೆಯುತ್ತಲೇ ಇರುತ್ತವೆ.

ಮನೆ ಕಟ್ಟುವಾಗ ಮಣ್ಣಿಗೆಂದು ತೋಡಿದ ಗುಂಡಿ ಹಾಗೇ ಉಳಿದಿತ್ತು. ಅದಕ್ಕೆ ಟಾರ್ಪಾಲು ಹಾಸಿ, ನೀರು ತುಂಬಿ, ಕೃಷ್ಣಗಿರಿ ಡ್ಯಾಮ್ ಕಡೆಯಿಂದ ಜಿಲೇಬಿ ಮೀನಿನ ಮರಿ ತಂದು ಬಿಟ್ಟೆ. ಸುದ್ದಿ ಡೆಂಕಣಿಕೋಟೆ ಹತ್ತಿರ ಬೇಸಾಯ ಮಾಡುವ ನಮ್ಮಕ್ಕನ ಗಂಡನಿಗೆ ಮುಟ್ಟಿತು. ಬಾವ ಫೋನಿನಲ್ಲೇ ನಕ್ಕರು.

"ಕಂಪ್ನಿಲಿ ಬೋಲ್ಟ್ ತಿರುಗ್ಸೋನು ನೀನು. ಜೀವ ಇರೋದನ್ನ ಸಾಕೋದು ನಿನ್ ಕೈಲಾಯ್ತದೇನ್ಲಾ?"

ನನಗೆ ಉರಿದುಹೋಯಿತು. "ಬಾವ, ಈ ಸಲ ಹೊಸತೊಡಕಿಗೆ ಎಲ್ಲಾರ್ನೂ ಕರ್ಕೊಂಡು ನಮ್ಮನೇಗೇ ಬನ್ನಿ. ನನ್ ಕೊಳದ ಮೀನಿನ ಸಾರೇ ಉಣ್ಣಿಸ್ತೀನಿ" ಅಂದುಬಿಟ್ಟೆ. ಯುಗಾದಿಗೆ ಹೋಳಿಗೆ, ಮಾರನೇ ದಿನದ ಹೊಸತೊಡಕಿಗೆ ಬಾಡೂಟ, ಇದು ನಮ್ಮ ಕಡೆ ಯಾರೂ ಬಿಡದ ಪದ್ಧತಿ. ಅವತ್ತು ನೆಂಟರ ಮುಂದೆ ಬರೀ ಮುದ್ದೆ ಇಟ್ಟರೆ ಬಾವ ಸಾಯೋವರೆಗೂ ಆಡಿಕೊಳ್ಳುತ್ತಾರೆ. ಮಾತು ಕೊಟ್ಟಾಯಿತು. ಮಾರನೇ ಬೆಳಿಗ್ಗೆಯೇ ಹದ್ದು ಬಂತು.

೧. ಕಂಪನಿ ಬಟ್ಟೆಯ ಬೆರ್ಚಪ್ಪ

ಹೊಲಕ್ಕೆ ಬೆರ್ಚಪ್ಪ ನಿಲ್ಲಿಸುವ ಹಾಗೆ ಕೊಳಕ್ಕೂ ನಿಲ್ಲಿಸಿದರೆ ಆಯಿತು ಅಂದುಕೊಂಡೆ. ನನ್ನ ಹಳೇ ಯೂನಿಫಾರಂ ತೊಡಿಸಿ, ಒಳಗೆ ಹುಲ್ಲು ತುಂಬಿ, ತಲೆಗೆ ಕಂಪನಿಯ ಹಳದಿ ಹೆಲ್ಮೆಟ್ ಇಟ್ಟೆ. ನನಗಿಂತ ಅದೇ ಲಕ್ಷಣವಾಗಿದೆ ಅಂತ ಹೆಂಡತಿ ಹೇಳಿದಳು.

ಆ ದಿನ ಗೆಳೆಯನ ಬೈಕು ಸಿಕ್ಕಿತೆಂದು ಕೆಲಸಕ್ಕೆ ಬೇಗ ಹೊರಟುಬಿಟ್ಟೆ. ಆಮೇಲೆ ಕಂಪನಿ ಬಸ್ಸು ನಮ್ಮ ಹಿತ್ತಲ ಪಕ್ಕದ ರಸ್ತೆಗೆ ಬಂದಿದೆ. ಡ್ರೈವರು ನೋಡಿದರೆ ನಾನು ಕೊಳದ ಪಕ್ಕ ನಿಂತಿದ್ದೇನೆ. ಹಾರ್ನ್ ಹೊಡೆದಿದ್ದಾನೆ. ಅಲುಗಾಟ ಇಲ್ಲ. ಬಸ್ಸಿನೊಳಗಿದ್ದವರೆಲ್ಲ ಕಿಟಕಿಯಿಂದ ಕೂಗಿದ್ದಾರೆ. ಕೊನೆಗೆ ಒಬ್ಬ ಇಳಿದು, ಕಾಂಪೌಂಡ್ ಹತ್ತಿ, "ಲೇ, ಮೀನ್ ನೋಡಿದ್ದು ಸಾಕು ಬಾರ್ಲಾ" ಅಂತ ಹೆಗಲ ಮೇಲೆ ಕೈ ಹಾಕಿದಾಗ ಹೆಲ್ಮೆಟ್ ಕಳಚಿ ನೀರಿಗೆ ಬಿತ್ತಂತೆ. ಅವನು ಕಿರುಚಿದ್ದಕ್ಕೆ ನಮ್ಮಮ್ಮ ಒಲೆ ಬಿಟ್ಟು ಓಡಿಬಂದರಂತೆ.

ಬಸ್ಸು ಪೂರ್ತಿ ಲೇಟು. ಸೂಪರ್‌ವೈಸರು ನನ್ನನ್ನು ಕರೆದರು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಅವರು ಸಾವಧಾನವಾಗಿ ಹೇಳಿದರು: "ನಾಳೆಯಿಂದ ಅದನ್ನೇ ಕಳಿಸಪ್ಪ. ಅದಾದ್ರೆ ನಿಂತ ಕಡೆ ನಿಂತಿರುತ್ತೆ."

ಸಂಜೆ ಮನೆಗೆ ಬಂದು ಹೆಲ್ಮೆಟ್ ಎತ್ತಿ ಮತ್ತೆ ಅದರ ತಲೆಗಿಟ್ಟೆ. ಹದ್ದು ಬಂದು ಅದರ ಮೇಲೇ ಕೂತು, ಯಾವ ಮೀನು ದಪ್ಪಗಿದೆ ಅಂತ ನೋಡತೊಡಗಿತು.

೨. ಆನೆ ಓಡಿಸಿದ ಮಾವ

ನಮ್ಮ ಸೋದರಮಾವ ಜವಳಗಿರಿಯವರು. ರಾಗಿ ಹೊಲಕ್ಕೆ ನುಗ್ಗುವ ಆನೆ ಓಡಿಸಿ ಓಡಿಸಿ ಕೂದಲು ಬೆಳ್ಳಗಾದವರು. ಹದ್ದಿನ ವಿಷಯ ಕೇಳಿ ಅವರಿಗೆ ನಗು. "ಆನೇನೇ ಓಡ್ಸಿವ್ನಿ. ಇದೇನ್ಲಾ, ಅಂಗೈಯಗಲದ ಹಕ್ಕಿ!" ಅಂದವರು ಒಣಮೆಣಸಿನಕಾಯಿ ಚೀಲದ ಸಮೇತ ಮಧ್ಯಾಹ್ನದ ಬಸ್ಸಿಗೆ ಬಂದಿಳಿದರು.

ಬೆರಣಿಗೆ ಮೆಣಸಿನಕಾಯಿ ಸೇರಿಸಿ ಕೊಳದ ಪಕ್ಕ ಹೊಗೆ ಹಾಕಿದರು. ಹದ್ದು ತೆಂಗಿನಮರದ ತುದಿಯಲ್ಲಿ ನೆಮ್ಮದಿಯಾಗಿ ಕೂತಿತ್ತು. ಗಾಳಿ ತಿರುಗಿ ಹೊಗೆಯೆಲ್ಲ ಪಕ್ಕದ ಮನೆಗೆ ಹೋಯಿತು. ಅಲ್ಲಿ ಅವತ್ತು ಹುಡುಗಿ ನೋಡೋಕೆ ಕೃಷ್ಣಗಿರಿಯಿಂದ ಗಂಡಿನ ಕಡೆಯವರು ಬಂದಿದ್ದರು.

ಹುಡುಗಿ ಕಾಫಿ ತಟ್ಟೆ ಹಿಡಿದು ಬರುವಾಗಲೇ ಕಣ್ಣಲ್ಲಿ ಧಾರಾಕಾರ ನೀರು. ಅವಳನ್ನು ನೋಡಿದರೆ ಅವಳಪ್ಪನ ಕಣ್ಣಲ್ಲೂ ನೀರು. ಗಂಡಿನ ತಾಯಿಗೂ ತಡೆಯಲಾಗಲಿಲ್ಲ. ಹುಡುಗನಂತೂ ಕರ್ಚೀಫಿನಿಂದ ಮುಖ ತೆಗೆಯಲೇ ಇಲ್ಲವಂತೆ. "ಇನ್ನೂ ಮಾತೇ ಆಗಿಲ್ಲ, ಮಗಳ್ನ ಕಳ್ಸಕ್ಕೆ ಇಷ್ಟೊಂದ್ ಅಳ್ತಾರಲ್ಲ! ಇಂಥಾ ಅಕ್ಕರೆ ಮನೆ ಎಲ್ ಸಿಕ್ತದೆ?" ಅಂದ ಆ ತಾಯಿ ಅಲ್ಲೇ ತಾಂಬೂಲ ಬದಲಾಯಿಸಿಕೊಂಡು ಎದ್ದರು.

ಕೆಮ್ಮಿ ಕೆಮ್ಮಿ ಸುಸ್ತಾಗಿದ್ದ ನಾನು ಮಾವನನ್ನು ದುರುಗುಟ್ಟಿ ನೋಡಿದೆ. ಅವರು ಚೀಲ ಸುತ್ತಿಕೊಂಡರು. "ಹದ್ದು ಓಡ್ಲಿಲ್ಲ, ದಿಟ. ಒಂದ್ ಮದ್ವೆ ಆಯ್ತಲ್ಲ, ಬುಡು."

೩. ಶನಿವಾರದ ದರ್ಶನ

ಇಷ್ಟಾದ ಮೇಲೂ ನಾನು ಸೋಲಲಿಲ್ಲ. ಹೊಸೂರಿನ ಹೂವಿನ ತೋಟದವರು ಬಿಸಾಡಿದ ಹಳೇ ಬಲೆ ತಂದು ಕೊಳದ ಮೇಲೆ ಬಿಗಿದೆ. ಹದ್ದು ಒಂದೆರಡು ಸುತ್ತು ಹೊಡೆದು, ನನ್ನನ್ನು ಶಪಿಸಿದ ಹಾಗೆ ಕೂಗಿ ಹೋಯಿತು. ಅವತ್ತು ನನಗಾದ ಸಂತೋಷಕ್ಕೆ ಪಾರವಿಲ್ಲ.

ಆದರೆ ನನಗೆ ಹದ್ದಾದದ್ದು ನಮ್ಮಮ್ಮನಿಗೆ ಗರುಡ. ಬಿಳಿ ಕುತ್ತಿಗೆ, ಕೆಂಚು ರೆಕ್ಕೆ, ಸಾಕ್ಷಾತ್ ಸ್ವಾಮಿಯ ವಾಹನ. ಮೀನು ಬಂದಾಗಿನಿಂದ ಶನಿವಾರ ಶನಿವಾರ ಅದು ತಪ್ಪದೆ ತಲೆ ಮೇಲೆ ಸುತ್ತುತ್ತಿತ್ತು. ಅಮ್ಮ ಕೆನ್ನೆ ಕೆನ್ನೆ ತಟ್ಟಿಕೊಂಡು ಕೈಮುಗಿಯುತ್ತಿದ್ದರು. ನೋಡನೋಡುತ್ತ ಬೀದಿಯ ಹೆಂಗಸರೆಲ್ಲ ಸ್ನಾನ ಮಾಡಿ ನಮ್ಮ ಹಿತ್ತಲಿಗೆ ಬರತೊಡಗಿದ್ದರು. ಬಲೆ ಬಿಗಿದ ಮೇಲಿನ ಮೊದಲ ಶನಿವಾರ ಗರುಡ ಬರಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು.

"ಸ್ವಾಮಿ ದರ್ಶನಕ್ಕೇ ಬಲೆ ಹಾಕ್ಬುಟ್ಯಲ್ಲೋ ಪಾಪಿ" ಅಂದರು ಅಮ್ಮ.

"ಅಮ್ಮ, ಅದು ದರ್ಶನ ಕೊಡಕ್ಕೆ ಬತ್ತಿರ್ಲಿಲ್ಲ, ಊಟಕ್ ಬತ್ತಿತ್ತು."

"ನೀನ್ ದೇವಸ್ಥಾನಕ್ಕೆ ಯಾತಕ್ಕೋಯ್ತೀಯಾ? ಪೊಂಗಲ್‌ಗಲ್ವಾ?"

ಕೊನೆಗೆ ರಾಜಿ ಆಯಿತು: ಶನಿವಾರ ಬೆಳಿಗ್ಗೆ ಬಲೆ ತೆಗೆಯಬೇಕು. ಆದರೆ ಅವತ್ತು ಮೀನಿಗೆ ನಾನೇ ಕಾವಲು. ರಜೆ ಹಾಕಿ, ತಲೆಗೆ ಟವೆಲ್ ಸುತ್ತಿ, ಕೋಲು ಹಿಡಿದು, ಕೊಳದ ದಡದಲ್ಲಿ ಕೊಡೆ ಕೆಳಗೆ ಕೂತುಬಿಟ್ಟೆ. ಕೂತವನು ಅಲುಗಲಿಲ್ಲ. ಎದುರುಮನೆಯ ತಮಿಳು ಅಕ್ಕ ಬಂದು, "ಕೊಂಜಂ ತಳ್ಳಿ ಉಕ್ಕಾರುಂಗಣ್ಣಾ, ಸ್ವಲ್ಪ ಸರ್ಕೊಂಡ್ ಕೂತ್ಕೊಳಿ, ನಿಮ್ಮನ್ನ ನೋಡಿ ಗರುಡ ಹೆದ್ರುತ್ತೆ" ಅಂದರು. ನಾನು ಒಂದಂಗುಲವೂ ಸರಿಯಲಿಲ್ಲ.

ಹಿಂದಿನ ಬೀದಿಯಿಂದ ಮೊದಲ ಸಲ ಬಂದಿದ್ದ ಅಜ್ಜಿಯೊಬ್ಬರು ಮಾತ್ರ ನನ್ನನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ನನ್ನ ಮುಂದೆ ಎರಡು ಬಾಳೆಹಣ್ಣು ಇಟ್ಟು, ಅಡ್ಡಬಿದ್ದು, ಮೊಮ್ಮಗನಿಗೆ ಕೆಲಸ ಯಾವಾಗ ಸಿಗುತ್ತೆ ಸ್ವಾಮಿ ಅಂತ ಕೇಳಿದರು.

೪. ಹೊಸತೊಡಕು

ಅಂತೂ ಯುಗಾದಿ ಬಂತು, ಹೋಯಿತು. ಮಾರನೇ ಬೆಳಿಗ್ಗೆ ಬಾವ ಅಕ್ಕನ ಜೊತೆಗೆ ಊರಿನ ಅರ್ಧ ನೆಂಟರನ್ನೂ ಕರೆದುಕೊಂಡು ಬಂದಿಳಿದರು. ಒಳಗೆ ಮಸಾಲೆ ರುಬ್ಬಿಯಾಗಿತ್ತು, ಹುಣಸೆಹಣ್ಣು ನೆನೆದಿತ್ತು, ಮುದ್ದೆಗೆ ಎಸರು ಕುದಿಯುತ್ತಿತ್ತು. ಕೊಳದಲ್ಲಿ ಮೀನುಗಳು ಅಂಗೈ ಮೀರಿ ಬೆಳೆದಿದ್ದವು. ಅಷ್ಟು ತಿಂಗಳು ಕಾದ ಮೀನು! ನನಗೆ ಎದೆ ಉಬ್ಬಿಹೋಗಿತ್ತು, ಸುಳ್ಳು ಯಾಕೆ ಹೇಳಲಿ.

ಬಲೆ ಬಿಚ್ಚಿದೆ. ಮೊಣಕಾಲುದ್ದ ನೀರಿಗಿಳಿದೆ. ಬಿದಿರಿನ ಮಂಕರಿ ಮುಳುಗಿಸಿ ಎತ್ತಿದರೆ ಮೊದಲನೇ ಸಲಕ್ಕೇ ಒಂದು ಜಿಲೇಬಿ ಸಿಕ್ಕಿತು. ಬಾಲ ಹಿಡಿದು ತಲೆಗಿಂತ ಮೇಲೆ ಎತ್ತಿ ಹಿಡಿದೆ.

"ನೋಡಿ ಬಾವ! ಜೀವ ಇರೋದನ್ನ ಸಾಕೋದು ನನ್ ಕೈಲಾಗಲ್ಲ ಅಂದ್ರಲ್ಲ, ನೋಡಿ!"

ಬಾವ ನೋಡಿದರು. ನೆಂಟರೆಲ್ಲ ನೋಡಿದರು. ಹಿಂದಿನಿಂದ ರಪ್ಪಂತ ಗಾಳಿ ಬಂತು. ಕೈ ಖಾಲಿ. ಗರುಡ ಮೀನು ಹಿಡಿದು ತೆಂಗಿನಮರ ದಾಟಿ ಹೋಗುತ್ತಿತ್ತು. ಗಾಬರಿಗೆ ಕಾಲು ಜಾರಿ ನಾನು ಕೊಳದಲ್ಲಿ ಕೂತೆ. ಅಳು ಬರುವಷ್ಟು ಸಿಟ್ಟು ಬಂತು. ಹೋಗಲಿ, ಒಂದು ತಾನೇ, ಮಿಕ್ಕವು ಇವೆ ಅಂತ ಹಲ್ಲು ಕಚ್ಚಿ ಮಂಕರಿಗೆ ಕೈ ಹಾಕಿದೆ.

ಅಷ್ಟರಲ್ಲಿ ಅಮ್ಮ ಸೀರೆ ಒದ್ದೆಯಾಗುವುದನ್ನೂ ನೋಡದೆ ದಡದಲ್ಲಿ ಅಡ್ಡಬಿದ್ದಿದ್ದರು. ಎದ್ದವರ ಕಣ್ಣಲ್ಲಿ ನೀರು.

"ವರ್ಷದ ಮೊದ್ಲಲ್ಲೇ ಸ್ವಾಮಿ ವಾಹ್ನ ನನ್ ಮಗನ್ ಕೈಯಿಂದ ನೈವೇದ್ಯ ಇಸ್ಕೊಂತು! ಯಾವ್ ಜನ್ಮದ ಪುಣ್ಯನೋ! ಇವತ್ತು ಈ ಮನೇಲಿ ಮೀನ್ ಕುಯ್ಯಂಗಿಲ್ಲ. ಮಂಕ್ರಿ ಕೆಳಗಿಡ್ಲಾ!"

ನೆಂಟರೆಲ್ಲ ಪಟಪಟ ಕೆನ್ನೆ ತಟ್ಟಿಕೊಂಡರು. ಬಾವನೂ ತಟ್ಟಿಕೊಂಡರು. ಅಕ್ಕ ಬಂದು, ತಮ್ಮ ಅನ್ನೋದನ್ನೂ ಮರೆತು, ನನ್ನ ಒದ್ದೆ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಷ್ಟು ಮರ್ಯಾದೆ ನನಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ. ಮೀನಿಗೆ ರುಬ್ಬಿದ ಮಸಾಲೆಗೆ ಹೆಂಡತಿ ಹೆಸರುಕಾಳು ಸುರಿದಳು.

ಊಟಕ್ಕೆ ಕೂತಾಗ ಬಾವನ ಮುಖ ನೋಡುವ ಧೈರ್ಯ ಬರಲಿಲ್ಲ. ಆದರೂ ಛಲ ಬಿಡಲಿಲ್ಲ. "ಬಾವ, ಮುಂದಿನ ವರ್ಷನೂ ಇಲ್ಲಿಗೇ ಬರ್ಬೇಕು. ನನ್ ಮೀನೇ ಉಣ್ಣಿಸ್ತೀನಿ" ಅಂದೆ.

ಬಾವ ಮುದ್ದೆ ಮುರಿದು, ಕಾಳಿನ ಸಾರಿನಲ್ಲಿ ಹೊರಳಿಸಿ, ನುಂಗಿ, ತೆಂಗಿನಮರದ ಕಡೆ ಒಮ್ಮೆ ನೋಡಿದರು.

"ಮುಂದಿನ ವರ್ಷ ನಾವು ನೀವೆಲ್ಲ ಸೇರಿ ಗರುಡನ ಮನೆಗೇ ಹೋಗಾಣ ಬುಡ್ಲಾ. ಹೊಸತೊಡಕಿಗೆ ಮೀನ್ ಮಾಡಿರೋದು ಅಲ್ಲೇ."