ಹೆಪ್ಪು ಹಾಕಿದ ಅಯೋಡಿನ್

ಚಾಮರಾಜಪೇಟೆಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಗಾಯಕ್ಕೆ ಹಚ್ಚುವ ಅಯೋಡಿನ್ ಎಂದೂ ಮುಗಿಯುವುದಿಲ್ಲ. ಅಕ್ಷಯಪಾತ್ರೆಯಾದರೂ ದಿನಕ್ಕೊಮ್ಮೆ ಬರಿದಾಗುತ್ತಿತ್ತಂತೆ. ಇವರ ಬಾಟಲಿ ಬರಿದಾದದ್ದನ್ನು ಕಂಡವರಿಲ್ಲ!

ಗುಟ್ಟು ಸರಳ. ಅಂಗಡಿಯಿಂದ ತಂದ ಪುಟ್ಟ ಬಾಟಲಿಗಳಲ್ಲಿ ಉಳಿದದ್ದನ್ನೆಲ್ಲ ಒಂದು ಹಳೆಯ ದೊಡ್ಡ ಬಾಟಲಿಗೆ ಸುರಿಯುತ್ತಾರೆ. ಕೇಳಿದರೆ, "ಮೊಸರಿಗೆ ಹೆಪ್ಪು ಹಾಕಲ್ವೇನೇ? ಹಳೇದು ಚೂರು ಇದ್ರೇನೇ ಹೊಸದಕ್ಕೆ ಶಕ್ತಿ" ಎನ್ನುತ್ತಾರೆ.

ನಾನೋ, ಶಾಂಪೂ ಬಾಟಲಿಯ ಮೇಲೂ ತೆರೆದ ದಿನಾಂಕ ಬರೆದಿಡುವವಳು. "ದೊಡ್ಡಮ್ಮ, ಮೇಲೆ ಅಚ್ಚಾಗಿರೋ ತಾರೀಖು ಸೀಲ್ ಒಡೆಯೋವರೆಗೆ ಮಾತ್ರ. ಒಡೆದ್ಮೇಲೆ ಲೆಕ್ಕಾನೇ ಬೇರೆ" ಎಂದೆ.

"ಕ್ರಿಮಿಗೆ ಕ್ಯಾಲೆಂಡರ್ ಓದಕ್ಕೆ ಬರತ್ತೇನೇ?"

ಒಮ್ಮೆ ಎದುರುಮನೆಯಾಕೆ ಆ ಬಾಟಲಿಯನ್ನು ನೋಡಿ, "ಇದೇನ್ರೀ, ಹುಣಸೆ ರಸನಾ?" ಎಂದರು. "ಗಾಯದ್ದು ಕಣ್ರೀ. ಸಾರು ಮಾಡ್ಬಿಟ್ಟೀರ" ಎಂದು ದೊಡ್ಡಮ್ಮ ಕಿತ್ತುಕೊಂಡರು.

ಕಳೆದ ತಿಂಗಳು ಹೊಸಿಲು ಎಡವಿ ಅವರ ಕಾಲ್ಬೆರಳು ಒಡೆಯಿತು. ವಾರವಿಡೀ ಹೆಪ್ಪಿನ ಔಷಧಿಯೇ ಹಚ್ಚಿಕೊಂಡರು. ಬೆರಳು ಊದಿ ಕಪ್ಪಿಟ್ಟಿತು. ನಾನು ಬಲವಂತವಾಗಿ ಪಕ್ಕದ ರಸ್ತೆಯ ಡಾಕ್ಟರ ಬಳಿಗೆ ಕರೆದೊಯ್ದೆ, ಬಾಟಲಿಯ ಸಮೇತ.

ಡಾಕ್ಟರು ಮೂಸಿ ನೋಡಿ, "ಇದಕ್ಕೆ ಇನ್ನೇನು ಸೇರಿಸಿದೀರಮ್ಮ?" ಎಂದರು.

"ಗಟ್ಟಿಯಾದಾಗ ಒಂದಿಷ್ಟು ನಲ್ಲಿ ನೀರು. ಅಷ್ಟೇ ಡಾಕ್ಟ್ರೇ."

ಡಾಕ್ಟರು ನಗಲಿಲ್ಲ. "ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಇನ್ನೂ ತಡ ಮಾಡಿದ್ರೆ ಬೆರಳು ಉಳೀತಿರ್ಲಿಲ್ಲ" ಎಂದು ಗಾಯ ತೊಳೆದು, ಮಾತ್ರೆ ಕೊಟ್ಟು, ದಿನಾ ಹೊಸ ಔಷಧಿ ಹಚ್ಚಲು ಹೇಳಿದರು.

ಮನೆಗೆ ಬಂದು ಆ ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಸುರಿಯುವಾಗ ಒಂದು ಅನುಮಾನ ಬಂತು. ಶಾಲೆಗೆ ಹೋಗುವ ಕಾಲಕ್ಕೆ ನಾನು ಬೆಳೆದದ್ದು ಇದೇ ಮನೆಯಲ್ಲಿ. ಮಂಡಿ ತರಚಿಕೊಳ್ಳದ ವಾರವಿರಲಿಲ್ಲ. "ಆಗ ನಂಗೂ ಇದನ್ನೇ ಹಚ್ತಿದ್ರಾ?"

"ನಿಂಗ್ಯಾಕೆ ಹಳೇದು ಹಚ್ಲಿ?" ದೊಡ್ಡಮ್ಮನಿಗೆ ನಿಜಕ್ಕೂ ಬೇಸರವಾಯಿತು. "ನೀನು ಬಿದ್ದಾಗೆಲ್ಲ ಹೊಸ ಬಾಟ್ಲಿ ಒಡೀತಿದ್ದೆ. ನಿಂಗೆ ಹಚ್ಚಿ ಉಳಿದಿದ್ದನ್ನ ನಂಗೆ ಅಂತ ಅದಕ್ಕೆ ಸೇರಿಸ್ತಿದ್ದೆ."

ಹೊಸ ಬಾಟಲಿಯ ಸೀಲು ಒಡೆದು, ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಶುಭ್ರವಾದ ಹತ್ತಿಗೆ ಔಷಧಿ ಸುರಿದು ಮೆಲ್ಲಗೆ ಹಚ್ಚಿದೆ.

"ಉರಿಯತ್ತಾ ದೊಡ್ಡಮ್ಮ?"

"ಸ್ವಲ್ಪ."

ಊದಲು ಬಗ್ಗಿದವಳು ತಡೆದುಕೊಂಡೆ. ಗಾಯದ ಮೇಲೆ ಊದಬಾರದು. ಉರಿ ಆರುವವರೆಗೂ ಪಾದ ಹಿಡಿದುಕೊಂಡೇ ಕುಳಿತೆ.