ಕರಿನೀರ ತಾತನಿಗೊಂದು ಎಡೆ

ಹುಳಿಮಾವಿನ ಬೋರಣ್ಣನವರಿಗೆ ಏನು ಕಡಿಮೆಯಿತ್ತು ಹೇಳಿ? ರಾಗಿ ಹೊಲವಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ, ಮಹಡಿ ತುಂಬ ಬಾಡಿಗೆದಾರರು, ಗೇಟಿನ ಮುಂದೆ ಬುಲೆಟ್ಟು. ಕಡಿಮೆಯಿದ್ದದ್ದು ಮರ್ಯಾದೆ ಒಂದೇ. ಬೀದಿಯವರೆಲ್ಲ ಅವರನ್ನು ‘ಬಾಡಿಗೆ ಬೋರಣ್ಣ’ ಎನ್ನುತ್ತಿದ್ದರು (ಎದುರಿಗೆ ‘ಸಾರ್’, ಆ ಮಾತು ಬೇರೆ). ಅದರ ಮೇಲೆ ಎದುರುಮನೆಯ ನರೇಂದ್ರ, ತನ್ನ ತಾತ ಚಲೇಜಾವ್ ಚಳವಳಿಯಲ್ಲಿ ಜೈಲು ಕಂಡವರೆಂದು ಮೂಲೆಯಲ್ಲಿ ಫ್ಲೆಕ್ಸ್ ಕಟ್ಟಿಸಿದ. ಅಂದಿನಿಂದ ಗಣೇಶನ ಪೆಂಡಾಲಿನಲ್ಲಿ ಮೊದಲ ಹಾರ ಅವನ ಕೊರಳಿಗೇ ಬೀಳತೊಡಗಿತು. ಬೋರಣ್ಣನವರ ಹೊಟ್ಟೆಯಲ್ಲಿ ಹತ್ತಿದ ಉರಿ ಎಷ್ಟು ಮಜ್ಜಿಗೆ ಕುಡಿದರೂ ಆರಲಿಲ್ಲ.

ಆಗ ನೆನಪಾದವರು ದೊಡ್ಡಬೋರಯ್ಯ. ಬೋರಣ್ಣನವರ ಮುತ್ತಾತನಿಗೆ ಸಾಕ್ಷಾತ್ ಅಪ್ಪ. ಬ್ರಿಟಿಷ್ ಕಮಿಷನರು ಆಳುತ್ತಿದ್ದ ಕಾಲದಲ್ಲಿ ಜಮೀನು ಅಳೆಯಲು ಬಂದ ದೊರೆಯೊಬ್ಬ ಕುದುರೆಯನ್ನು ರಾಗಿ ಪೈರಿನೊಳಗೆ ನುಗ್ಗಿಸಿದನಂತೆ. ಈ ಮಹಾನುಭಾವರು ಒಂದೇ ಏಟಿಗೆ ಅವನನ್ನು ನೆಲಕ್ಕೆ ಕೆಡವಿದರಂತೆ. ಅದಕ್ಕೆ ಅಂಡಮಾನಿನ ಕರಿನೀರಿನ ಶಿಕ್ಷೆಯಾಗಿ, ಹೋದವರು ಮತ್ತೆ ಬರಲಿಲ್ಲ. ಊರ ಜೈಲಿಗೆ ಹೋದವರೆಲ್ಲಿ, ಸಮುದ್ರ ದಾಟಿ ಕರಿನೀರಿಗೆ ಹೋದವರೆಲ್ಲಿ ಎಂದು ಬೋರಣ್ಣನವರು ಎದೆಯುಬ್ಬಿಸಿದರು. ಈ ಸಲ ಮಹಾಲಯ ಅಮಾವಾಸ್ಯೆಗೆ ಬೀದಿಯವರನ್ನೆಲ್ಲ ಕರೆದು ದೊಡ್ಡಬೋರಯ್ಯನವರಿಗೆ ಎಡೆ ಇಡುವುದೆಂದು ನಿಶ್ಚಯವಾಯಿತು. ನರೇಂದ್ರನಿಗೆ ಮೊದಲ ಆಹ್ವಾನ.

ಹಿರಿಯರ ಹಬ್ಬಕ್ಕೆ ಊರನ್ನೆಲ್ಲ ಕರೆಯುವವರುಂಟೇ ಎಂದು ಹೆಂಡತಿ ಅಂಜನಮ್ಮ ಗೊಣಗಿದರು. ಆದರೆ ಅವರ ನಿಜವಾದ ತಕರಾರು ಬೇರೆಯಿತ್ತು. ಎಡೆ ಎಂದರೆ ಎಲೆಯ ಮೇಲೆ ಏನೋ ಒಂದು ಬಡಿಸುವುದಲ್ಲ. ತೀರಿಕೊಂಡವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೇ ಇಡಬೇಕು. ಮಾವನಿಗೆ ಬೋಟಿ ಗೊಜ್ಜು, ಅತ್ತೆಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು, ಹೀಗೆ. ಸೇರದ್ದನ್ನು ಇಟ್ಟರೆ ಹಿರಿಯರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಬೋರಣ್ಣನವರು ಯೋಚಿಸಲೇ ಇಲ್ಲ. ಮಟನ್ ಸಾರು, ನಾಟಿಕೋಳಿ ಫ್ರೈ, ತಲೆಮಾಂಸ, ಪಕ್ಕದಲ್ಲಿ ಒಂದು ಬಾಟಲಿ ರಮ್ಮು ಎಂದು ವೀರಭೋಜನದ ಪಟ್ಟಿ ಒಪ್ಪಿಸಿದರು.

“ಇದೆಲ್ಲ ನೀವ್ ತಿನ್ನೋದು ಕಣ್ರೀ,” ಎಂದರು ಅಂಜನಮ್ಮ. “ಅವ್ರು ಏನ್ ತಿಂತಿದ್ರು, ಅದ್ ಹೇಳಿ.”

ಬೋರಣ್ಣನವರು ಈ ಪ್ರಶ್ನೆಯನ್ನು ಮುಂದಿನ ತಲೆಮಾರಿಗೆ ದಾಟಿಸಿದರು. ಮಗಳು ಅರ್ಪಿತ ಅಂಡಮಾನಿನವರ ಫೇಸ್‌ಬುಕ್ ಗುಂಪಿನಲ್ಲಿ ಹೆಸರು, ಊರು ಹಾಕಿ ವಿಚಾರಿಸಿದಳು. ಕೆಲವೇ ದಿನಗಳಲ್ಲಿ ಉತ್ತರ ಬಂತು. ಅಲ್ಲಿ ಸುಧಾಮಣಿ ಎಂಬ ಎಂಬತ್ತರ ಅಜ್ಜಿಯೊಬ್ಬರಿದ್ದಾರೆ, ಅವರೂ ದೊಡ್ಡಬೋರಯ್ಯನವರ ವಂಶವೇ, ಮನೆಮಾತು ಹಿಂದಿಯಾದರೂ ‘ಹುಳಿಮಾವು’ ಎಂಬ ಹೆಸರನ್ನು ಇವತ್ತಿಗೂ ಮರೆತಿಲ್ಲ. ಬೋರಣ್ಣನವರ ಕಣ್ಣಲ್ಲಿ ನೀರೇ ಬಂತು. ಮೊದಲು ನಾವು ಮಾತಾಡಿ ತಿಳಿದುಕೊಳ್ಳೋಣ ಎಂದು ಮಗಳು ಹೇಳಿದ್ದನ್ನು ಅವರು ಕೇಳಲಿಲ್ಲ. ಹಬ್ಬದ ದಿನವೇ, ಎಲ್ಲರ ಎದುರಿಗೆ, ಹಾಲಿನ ದೊಡ್ಡ ಟಿವಿಯಲ್ಲೇ ಅಜ್ಜಿ ಮಾತಾಡಬೇಕು. ನರೇಂದ್ರ ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು.

ಹಬ್ಬದ ದಿನ ಅಂಜನಮ್ಮ ಗಂಡನ ಪಟ್ಟಿ ಹಿಡಿದು ಕೋಳಿ ಕೂಗುವ ಹೊತ್ತಿಗೆ ಒಲೆ ಮುಂದೆ ನಿಂತವರು ಮಧ್ಯಾಹ್ನದವರೆಗೂ ಕೂರಲಿಲ್ಲ. ರೇಷ್ಮೆ ಅಂಗಿ ತೊಟ್ಟ ಬೋರಣ್ಣನವರು ಮಾತ್ರ ಭಾಷಣಕ್ಕೆ ನಿಂತರು. “ಈ ಮೈಯಲ್ಲಿ ಹರೀತಿರೋದೂ ಅದೇ ರಕ್ತ,” ಎಂದು ಎದೆ ಮುಟ್ಟಿಕೊಂಡರು. “ತಾತ ಏನ್ ಮಾಡಿದ್ರೋ, ಟೈಮ್ ಬಂದ್ರೆ ನಾನೂ ಅದನ್ನೇ ಮಾಡ್ತೀನಿ.” ಚಪ್ಪಾಳೆ ಬಿತ್ತು.

ಅರ್ಪಿತ ಫೋನ್ ಜೋಡಿಸಿದ್ದೇ ಟಿವಿಯಲ್ಲಿ ಸುಧಾಮಣಿ ಬಂದರು. ಬೆಳ್ಳಿ ಕೂದಲು, ಬೋರಣ್ಣನವರದೇ ಮೂಗು. ಅವರು ಹಿಂದಿಯಲ್ಲಿ ಹೇಳುತ್ತಾ ಹೋದರು, ಅರ್ಪಿತ ಕನ್ನಡಕ್ಕೆ ತರುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ಅವಳು ಟಿವಿ ಬಿಟ್ಟು ಅಪ್ಪನತ್ತ ತಿರುಗಿದಳು.

“ಅಪ್ಪ, ದೊರೆಗೆ ಹೊಡೆದಿದ್ದು ತಾತ ಅಲ್ವಂತೆ. ಅವ್ರ ಹೆಂಡ್ತಿ ಗೋವಿಂದಮ್ಮ ಅಂತೆ. ಮುದ್ದೆ ಕೋಲಲ್ಲಿ.”

ಗೋವಿಂದಮ್ಮ ಹೊಲದ ಗುಡಿಸಲಲ್ಲಿ ಮುದ್ದೆ ತಿರುವುತ್ತಿದ್ದರಂತೆ. ಪೈರಿನೊಳಗೆ ಕುದುರೆ ಕಂಡದ್ದೇ ಕೈಯಲ್ಲಿದ್ದ ಕೋಲಿನೊಂದಿಗೇ ಓಡಿ ಒಂದು ಬಿಟ್ಟರಂತೆ. ಹೊಡೆದವರು ಯಾರೆಂದು ಪೇದೆಗಳು ಕೇಳಿದಾಗ ಆಕೆಯ ಕಂಕುಳಲ್ಲಿ ಮೊಲೆ ಬಿಡದ ಕೂಸಿತ್ತು. ಆಕೆ ಬಾಯಿ ತೆರೆಯುವ ಮೊದಲೇ, ಸೊಳ್ಳೆ ಹೊಡೆಯಲೂ ಕೈ ಬಾರದ ದೊಡ್ಡಬೋರಯ್ಯ ಮುಂದೆ ಬಂದು “ನಾನೇ” ಎಂದರಂತೆ. ಅಂಡಮಾನಿನಲ್ಲಿ ಅವರ ಕೈಗುಣ ನೋಡಿ ಕೈದಿಗಳ ಅಡುಗೆಗೆ ಹಾಕಿದರು. ಬಿಡುಗಡೆಯಾದರೂ ಊರಿಗೆ ಬಿಡಲಿಲ್ಲ. ಅಲ್ಲೇ ಇನ್ನೊಂದು ಸಂಸಾರವಾಯಿತು. ಆ ಮನೆಯಲ್ಲೂ ಕೊನೆತನಕ ಒಲೆ ಮುಂದೆ ಕೂತವರು ಅವರೇ. ಗೋವಿಂದಮ್ಮನ ಆ ಏಟಿನ ಕತೆಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಹೆಂಡ ಮುಟ್ಟಲಿಲ್ಲ, ಮಾಂಸ ತಿನ್ನಲಿಲ್ಲ. ಸಾಯುವಾಗಲೂ ಬೇಡಿದ್ದು ಅಲ್ಲಿ ಸಿಗದ ರಾಗಿಮುದ್ದೆ, ಉಪ್ಸಾರು.

ಇತ್ತ ಗೋವಿಂದಮ್ಮ ಆ ಕೂಸನ್ನು ಸಾಕಿ, ಒಬ್ಬರೇ ಉತ್ತು ಉಳಿಸಿಕೊಂಡ ಹೊಲದ ಮೇಲೆಯೇ ತಾವೆಲ್ಲ ಕೂತಿದ್ದೇವೆಂದು ಬೋರಣ್ಣನವರಿಗೆ ಆಗ ಹೊಳೆಯಿತು. ಎಂಥ ಹೆಂಗಸು, ಎಂಥ ಗಂಡಸು! ನರೇಂದ್ರನೂ ಕಣ್ಣೊರೆಸಿಕೊಂಡ.

ಆದರೆ ಎಲೆಯ ಮೇಲಿದ್ದದ್ದು ತಲೆಮಾಂಸ, ರಮ್ಮು. ಹಸಿದ ಅತಿಥಿಗಳು ಕಾಯುತ್ತಿದ್ದರು. ಬೋರಣ್ಣನವರು ಮೂಗೊರೆಸಿಕೊಂಡು, ಬೇಗ ಒಂದು ಮುದ್ದೆ, ಒಂದಿಷ್ಟು ಉಪ್ಸಾರು ಮಾಡಿಬಿಡು ಎಂದು ಹೆಂಡತಿಗೆ ಹೇಳಿದರು.

ಅಂಜನಮ್ಮ ಸೆರಗಿನಿಂದ ಬೆವರೊರೆಸಿಕೊಂಡು, ಬೆಳಗಿನಿಂದ ಮೊದಲ ಸಲ, ಸೋಫಾದ ಮೇಲೆ ಕೂತರು.

“ತಾತ ಹೆಂಡ್ತಿಗೋಸ್ಕರ ಕರಿನೀರಿಗೆ ಹೋದ್ರು,” ಎಂದರು. “ನೀವು ಅಡುಗೆಮನೆವರ್ಗೂ ಹೋದ್ರೆ ಸಾಕು.”

ಬೀದಿಗೆ ಬೀದಿಯೇ ನೋಡುತ್ತಿತ್ತು. ಬೋರಣ್ಣನವರು ರೇಷ್ಮೆ ತೋಳು ಮಡಚಿ ಒಳಗೆ ಹೋದರು. ಮೊದಲ ಮುದ್ದೆ ಗಂಟು ಗಂಟಾಯಿತು, ಎರಡನೆಯದು ಪಾತ್ರೆ ಬಿಟ್ಟು ಬರಲಿಲ್ಲ, ಮೂರನೆಯದು ಎಲೆಗೆ ಬಂತು. ಅರ್ಪಿತ ಫೋನನ್ನು ಅಡುಗೆಮನೆಗೆ ತಿರುಗಿಸಿದಾಗ ಸುಧಾಮಣಿ ಕೈಮುಗಿದರು. ತಾತ ಒಲೆ ಮುಂದೆ ಹೀಗೇ ಇರುತ್ತಿದ್ದರೆಂದು ಅಮ್ಮ ಹೇಳುತ್ತಿದ್ದಳು, ರಕ್ತ ಎಲ್ಲಿ ಹೋಗುತ್ತದೆ ಎಂದರು.

ಬೋರಣ್ಣನವರಿಗೆ ಬೇಕಾದ ಮರ್ಯಾದೆ ಸಿಕ್ಕಿತು. ಈಗ ಬೀದಿಯ ಹೆಂಗಸರೆಲ್ಲ ಅವರನ್ನು ಕಂಡರೆ ಮನಸಾರೆ ನಮಸ್ಕರಿಸುತ್ತಾರೆ. ಗಂಡಸರು ಮಾತ್ರ ದಾರಿ ಬದಲಿಸುತ್ತಾರೆ. ನರೇಂದ್ರನಂತೂ ಭಾನುವಾರ ಮಧ್ಯಾಹ್ನ ಹೊರಗೇ ಕಾಣಿಸುವುದಿಲ್ಲ. ಅವನಿಗೆ ಮನೆಯಲ್ಲಿ ಮುದ್ದೆ ತಿರುವುವುದಿರುತ್ತದೆ.