ನೆತ್ತಿಯ ಮೇಲಿನ ಫ್ಯಾನಿಗೆ, ತಣ್ಣಗಾದ ಟೀ ಪರವಾಗಿ

ಮಾನ್ಯ ಸೀಲಿಂಗ್ ಫ್ಯಾನ್ ಅವರೇ,

ನಮ್ಮ ಲೆಕ್ಕಪತ್ರ ವಿಭಾಗದಲ್ಲಿ ತಲೆಕೆಳಗಾಗಿ ನೇತಾಡುತ್ತಲೇ ಸೇವೆ ಸಲ್ಲಿಸುತ್ತಿರುವ ತಮಗೆ, ತಮ್ಮ ನೇರ ಕೆಳಗೆ ಕೂರುವ ಹಿರಿಯ ಗುಮಾಸ್ತನ, ಇನ್ನೂ ಹಾರಿಹೋಗದ ನಾಲ್ಕು ಕೂದಲುಗಳ ಸಮೇತ, ಸಾದರ ನಮಸ್ಕಾರಗಳು.

ತಮ್ಮ ಕೆಳಗಿನ ಕುರ್ಚಿ ನಮ್ಮಲ್ಲಿ ಸೇವಾ ಹಿರಿತನಕ್ಕೆ ಮಾತ್ರ ಸಿಗುವಂಥದ್ದು. ಅದಕ್ಕಾಗಿ ನಾನು ಅರ್ಧ ಆಯಸ್ಸು ಕಿಟಕಿಯಿಲ್ಲದ ಮೂಲೆಯಲ್ಲಿ ಬೆವರು ಸುರಿಸಿ, ಹಿರಿಯರ ಬೀಳ್ಕೊಡುಗೆಗಳಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಲೇ ಇದರ ಮೇಲೆ ಕಣ್ಣಿಟ್ಟಿದ್ದೆ. ಕೊನೆಗೂ ಕೂತೆ. ಕೂತಂದಿನಿಂದ ಒಂದು ಲೋಟ ಬಿಸಿ ಟೀ ಗಂಟಲಿಗಿಳಿದಿಲ್ಲ.

ಭೌತಶಾಸ್ತ್ರ ಓದುವ ನನ್ನ ಮಗಳು, “ಅಪ್ಪಾ, ಟೀ ತನ್ನ ಸುತ್ತ ಬಿಸಿಗಾಳಿ ಹೊದ್ಕೊಂಡು ಬೆಚ್ಚಗಿರುತ್ತೆ, ಗಾಳಿ ಜೋರಾದಷ್ಟೂ ಆ ಹೊದಿಕೆ ತೆಳ್ಳಗಾಗಿ ಶಾಖ ಬೇಗ ಓಡಿಹೋಗುತ್ತೆ” ಎನ್ನುತ್ತಾಳೆ. ಇರಬಹುದು. ಆದರೆ ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದರೂ ಐದರ ವೇಗದಲ್ಲೇ ಸುತ್ತುವ ತಮ್ಮ ಉತ್ಸಾಹಕ್ಕೆ ಏನೆನ್ನಲಿ? ಒಂದು ಕಡತ ಪಕ್ಕದ ಮೇಜಿಗೆ ಹೋಗಲು ತಿಂಗಳುಗಟ್ಟಲೆ ಹಿಡಿಯುವ ಈ ಕಚೇರಿಯಲ್ಲಿ, ಲೋಟದ ಶಾಖವನ್ನು ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ವಿಲೇವಾರಿ ಮಾಡುವವರು ತಾವೊಬ್ಬರೇ. ತಮ್ಮ ನಿಷ್ಪಕ್ಷಪಾತವಂತೂ ದೊಡ್ಡದು: ಟೀಯಿಂದ ಶಾಖ ಕಿತ್ತುಕೊಂಡಷ್ಟೇ ಶ್ರದ್ಧೆಯಿಂದ, ಕಡುಬೇಸಿಗೆಯ ಮಧ್ಯಾಹ್ನ ಕಾದ ಗಾಳಿಯನ್ನು ತಂದು ನನ್ನ ಬೋಳುತಲೆಗೆ ಸುರಿಯುತ್ತೀರಿ.

ಕುರ್ಚಿ ಬಿಡೋಣವೆಂದರೆ ಮಾನದ ಪ್ರಶ್ನೆ. ಅತ್ತ ನನ್ನ ಹಳೆಯ ಮೂಲೆಯಲ್ಲಿ ಕಿರಿಯ ಗುಮಾಸ್ತ ಬೆವರುತ್ತಾ, ಹೊಗೆಯಾಡುವ ಟೀಯನ್ನು ಉಫ್ ಉಫ್ ಎಂದು ಊದಿ ಕುಡಿಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ಇಡೀ ಕಚೇರಿಯಲ್ಲಿ ನನ್ನದೆಂದು ಬಿಸಿಯಾಗಿ ಉಳಿದಿರುವುದು ಆ ಹೊಟ್ಟೆಯೊಂದೇ.

ಆದ್ದರಿಂದ, ತಮ್ಮ ಗಾಳಿ ನನ್ನ ನೆತ್ತಿಯವರೆಗೆ ಬಂದು, ಅಲ್ಲಿಂದ ಲೋಟಕ್ಕೊಂದು ಪ್ರದಕ್ಷಿಣೆ ಹಾಕಿ, ಅದನ್ನು ಮುಟ್ಟದೆ ಹಿಂದಿರುಗುವಂತೆ ಮಾಡಬೇಕೆಂದೂ, ಅದು ಕಷ್ಟವಾದರೆ ಟೀ ಹೊತ್ತಿಗಾದರೂ ನಮ್ಮೆಲ್ಲರಂತೆ ತಾವೂ ಕೆಲಸ ಮಾಡದೆ ಸುಮ್ಮನಿರಬೇಕೆಂದೂ ಕೈಮುಗಿದು ಬೇಡುತ್ತೇನೆ.

ಇಂತಿ, ತಣ್ಣನೆಯ ಲೋಟ ಹಿಡಿದಿರುವ
ತಮ್ಮ ವಿಶ್ವಾಸಿ,
ಹಿರಿಯ ಗುಮಾಸ್ತ

ತಾ.ಕ.: ಈ ತಿಂಗಳ ಕೊನೆಗೆ ನಾನು ನಿವೃತ್ತನಾಗುತ್ತೇನೆ. ಕುರ್ಚಿ ಕಿರಿಯ ಗುಮಾಸ್ತನಿಗೆ. ಅದು ಸ್ವರ್ಗವೆಂದು ಅವನಿಗೆ ಹೇಳಿದ್ದೇನೆ. ದಯವಿಟ್ಟು ವೇಗ ಕಡಿಮೆ ಮಾಡಬೇಡಿ. ಬಹಿರಂಗ ಪತ್ರವಾದ್ದರಿಂದ ಅವನು ಓದಿಬಿಟ್ಟಾನೆಂಬ ಚಿಂತೆ ಬೇಡ. ಇದನ್ನು, ಇದುವರೆಗೆ ಯಾರೂ ಕಣ್ಣೆತ್ತಿಯೂ ನೋಡದ ನಮ್ಮ ಕಚೇರಿಯ ಸೂಚನಾ ಫಲಕಕ್ಕೇ ಅಂಟಿಸುತ್ತಿದ್ದೇನೆ.